ಏಳನೆಯ ಸುರುಳಿ

"ಕೆಟಲ್ ಕೋವ್," ಎಂದ ಹೆಡ್ಲಿ ಡರ್ನ್‌ಫೋರ್ಡ್, ಹೆಡ್‌ಫೋನಿನ ಎರಡೂ ಬಟ್ಟಲುಗಳನ್ನು ಅಂಗೈಯಿಂದ ಕಿವಿಗೆ ಒತ್ತಿ ಹಿಡಿದುಕೊಂಡು. ಎದುರಿಗೆ ಕೂತಿದ್ದ ಊನಾ ಕೀಪಿಂಗ್ ಆ ಕೊಲ್ಲಿಯ ಹೆಸರನ್ನು ತನ್ನ ಪುಸ್ತಕದಲ್ಲಿ ಬರೆದುಕೊಂಡಳು. ಪೆನ್ಸಿಲಿನಲ್ಲಲ್ಲ, ಪೆನ್ನಿನಲ್ಲಿ. ನಿಜ ಹೇಳಬೇಕೆಂದರೆ ಹೆಡ್ಲಿಗೆ ಏನೂ ಕೇಳಿಸಿರಲಿಲ್ಲ. ಬಹಳ ದೂರದಲ್ಲಿ ಯಾರೋ ಕಾಗದ ಮಡಿಸುತ್ತಿರುವಂಥ ಸರಸರ ಸದ್ದು, ಅದೂ ಇತ್ತೋ ಇಲ್ಲವೋ. ಆದರೆ ಹೆಸರು ಬಾಯಿಂದ ಬಿದ್ದಾಗಿತ್ತು, ಹುಡುಗಿ ಬರೆದುಕೊಂಡೂ ಆಗಿತ್ತು.

ಊನಾಗೆ ನಲವತ್ತೈದು ವರ್ಷ. ಆದರೂ ಎಪ್ಪತ್ತೆರಡರ ಹೆಡ್ಲಿಗೆ ಅವಳು ಹುಡುಗಿಯೇ, ಯಾಕೆಂದರೆ ಅವಳು ಲಿಯಾಂಡರನ ಮಗಳು. ಲಿಯಾಂಡರ್ ಕೀಪಿಂಗ್ ಹನ್ನೆರಡು ವರ್ಷ ಹೆಡ್ಲಿಯ ಜೊತೆ ಒಂದೇ ದೋಣಿಯಲ್ಲಿ ಕಾಡ್ ಮೀನು ಹಿಡಿದವನು, ಗ್ರೇ ಹಾರ್ಬರಿನಲ್ಲಿ ಪಕ್ಕದ ಮನೆಯವನು. ಸಾವಿರದ ಒಂಬೈನೂರ ಅರವತ್ತೆಂಟರಲ್ಲಿ ಸರ್ಕಾರದವರು ಊರು ಖಾಲಿ ಮಾಡಿ ಕೊಲ್ಲಿಯ ಒಳಗಿನ ದೊಡ್ಡ ಊರಿಗೆ ಬನ್ನಿ ಎಂದಾಗ ಹತ್ತೊಂಬತ್ತು ಮನೆಗಳೂ ಬಂದವು. ಬರೀ ಜನರಲ್ಲ, ಪೀಪಾಯಿ ಕಟ್ಟಿಸಿಕೊಂಡು ನೀರಿನ ಮೇಲೆ ತೇಲುತ್ತ ಮನೆಗಳೇ ಬಂದವು. ಆ ಕೊನೆಯ ಬೇಸಗೆಯಲ್ಲಿ ಗಂಡಸರೆಲ್ಲ ಫ್ರೆಂಚರ ದ್ವೀಪಕ್ಕೆ ಹೋಗಿ ಸುಂಕ ತಪ್ಪಿಸಿ ಕದ್ದು ರಮ್ ತಂದರೆ ಲಿಯಾಂಡರ್ ಒಂದು ಟೇಪ್ ರೆಕಾರ್ಡರ್ ತಂದ. ಕುಡಿಯುವುದಕ್ಕೂ ಬಾರದ್ದನ್ನು ಕದ್ದು ತಂದ ಮಹಾನುಭಾವ ಎಂದು ಊರೆಲ್ಲ ನಕ್ಕಿತು.

ಅವನು ಅದರಲ್ಲಿ ಹಿಡಿದದ್ದು ಕಡಲಿನ ಮೊರೆತವನ್ನು. ಆ ಕರಾವಳಿಯಲ್ಲಿ ಮಂಜು ಇಳಿದರೆ ದೋಣಿಯ ಮೂತಿಯಲ್ಲಿ ಕೂತವನಿಗೆ ಹಿಂದೆ ಕೂತವನ ಟೋಪಿ ಕಾಣಿಸುವುದಿಲ್ಲ. ಆಗ ಎಂಜಿನ್ ನಿಲ್ಲಿಸಿ ಒಬ್ಬ ಕೇಳುತ್ತಾನೆ. ಪ್ರತಿ ಕೊಲ್ಲಿಯಲ್ಲೂ ಅಲೆ ಬೇರೆ ಥರ ಮುರಿಯುತ್ತದೆ. ಒಂದು ಕಡೆ ಉರುಟು ಕಲ್ಲು, ಒಂದು ಕಡೆ ಗವಿ, ಇನ್ನೊಂದು ಕಡೆ ನೀರಿನೊಳಗಿನ ಬಂಡೆ. ಮೊರೆತ ಕೇಳಿ ಇದು ಇಂಥ ಕೊಲ್ಲಿ ಎಂದು ಹೇಳುವವನ ಮಾತಿನ ಮೇಲೆ ಉಳಿದವರ ಜೀವ ನಿಂತಿರುತ್ತದೆ. ಗ್ರೇ ಹಾರ್ಬರಿನಲ್ಲಿ ಆ ಮಾತು ಹೆಡ್ಲಿಯದಾಗಿತ್ತು. ಇಪ್ಪತ್ತೆರಡನೆಯ ವಯಸ್ಸಿನಿಂದ ಅವನು ಕೇಳಿ ಹೇಳಿದ ಒಂದು ಹೆಸರೂ ತಪ್ಪಾಗಿರಲಿಲ್ಲ.

ಲಿಯಾಂಡರನ ಟೇಪ್ ಸುರುಳಿಗಳು ಏಳು. ಒಂದರ ಮೇಲೂ ಹೆಸರಿಲ್ಲ. ಊನಾ ಮಾಡುವ ಕಸುಬಿನಲ್ಲಿ ಇದಕ್ಕಿಂತ ದೊಡ್ಡ ಅಪರಾಧವಿಲ್ಲ. ಅವಳು ರಾಜಧಾನಿ ಸೇಂಟ್ ಜಾನ್ಸ್‌ನಲ್ಲಿ ಸದ್ದುಗಳನ್ನು ಕೂಡಿಡುವ ಕೆಲಸದಲ್ಲಿದ್ದಾಳೆ. ಊರೂರಿಗೆ ಹೋಗಿ ದೋಣಿ ಹಗ್ಗದ ಕಿರುಗುಟ್ಟುವಿಕೆ, ಹಳೆಯ ಚರ್ಚಿನ ಬಾಗಿಲು, ಹಿಮ ಕರಗಿ ಮಾಡಿನಿಂದ ಬೀಳುವುದು, ಎಲ್ಲವನ್ನೂ ಹಿಡಿದು ತರುತ್ತಾಳೆ. ಯಂತ್ರ ಶುರುವಾದ ಕೂಡಲೇ ದಿನ, ಗಂಟೆ, ಜಾಗವನ್ನು ಬಾಯಿಬಿಟ್ಟು ಹೇಳುವುದು ಅವರಲ್ಲಿ ಮೊದಲ ಪಾಠ. ಅಪ್ಪ ಯಾಕೆ ಹೇಳಲಿಲ್ಲವೋ ಎಂದು ಅವಳು ಪೇಚಾಡಿದಾಗ ಹೆಡ್ಲಿ ಸಕ್ಕರೆ ಡಬ್ಬಿಯನ್ನು ಅತ್ತಿತ್ತ ಸರಿಸಿದ. ಹೇಳಬೇಡ ಎಂದವನು ಅವನೇ. ಅವತ್ತು ಚುಕ್ಕಾಣಿ ಹಿಡಿದು ಕೂತಿದ್ದವನು, ಲಿಯಾಂಡರ್ ಕೊಲ್ಲಿಯ ಹೆಸರು ಹೇಳಲು ಬಾಯಿ ತೆರೆದರೆ, "ಹೆಸರು ಕಿವುಡರಿಗೆ ಬೇಕು, ಸುಮ್ನಿರೋ," ಎಂದು ನಕ್ಕಿದ್ದ. ಲಿಯಾಂಡರನೂ ನಕ್ಕು ಬಾಯಿ ಮುಚ್ಚಿದ್ದ. ಈಗ ಲಿಯಾಂಡರ್ ಸತ್ತು ಆರು ವರ್ಷ, ಮೊರೆತ ತಿಳಿದ ಉಳಿದವರೂ ಒಬ್ಬೊಬ್ಬರಾಗಿ ಹೋಗಿಬಿಟ್ಟಿದ್ದಾರೆ. ಉಳಿದಿರುವವನು ಹೆಡ್ಲಿ ಒಬ್ಬನೇ, ಅವನಿಗೆ ಕಿವಿ ಇಲ್ಲ.

ಕಿವಿ ಹೋಗಿ ಹತ್ತು ವರ್ಷವಾಗಿರಬೇಕು. ಮೂವತ್ತು ವರ್ಷ ಕಾಲ ಬುಡದಲ್ಲೇ ಟಕಟಕ ಬಡಿದ ಎಂಜಿನ್ ಅದನ್ನು ತಿಂದಿತು. ಡಾಕ್ಟರು ಕೊಟ್ಟ ಕಿವಿಯ ಯಂತ್ರ ಕುದಿಯುವ ಕೆಟಲಿನ ಹಾಗೆ ಸಿಳ್ಳೆ ಹಾಕುತ್ತಿತ್ತು, ಅದು ಡ್ರಾಯರು ಸೇರಿತು. ಹೆಂಡತಿ ಮೆಲೀಟಾ, ಊಟಕ್ಕೆ ಕೂಗಿದರೆ ಕೇಳಿಸದ ಮನುಷ್ಯನಿಗೆ ಮೂರನೇ ಮನೆಯಲ್ಲಿ ಬಾಟಲಿ ಬಿಚ್ಚಿದರೆ ಹೇಗೆ ಕೇಳಿಸುತ್ತದೆ ಎಂದು ಹಂಗಿಸುತ್ತಿದ್ದಳೇ ಹೊರತು ಹೊರಗೆ ಯಾರಿಗೂ ಹೇಳಿರಲಿಲ್ಲ. ಹಾಗಾಗಿ ಊನಾ ಹುಡುಕಿಕೊಂಡು ಬಂದು, ನೀವೊಬ್ಬರೇ ಉಳಿದಿರೋದು ಮಾಮ ಎಂದಾಗ ಹೆಡ್ಲಿಗೆ ಇಲ್ಲ ಎನ್ನಲು ನಾಲಿಗೆ ಹೊರಳಲಿಲ್ಲ. ಯಂತ್ರದ ಮೂಲಕ ಕೇಳಿದರೆ ಕೇಳಿಸೀತು ಎಂಬ ಸಣ್ಣ ಆಸೆಯೂ ಇತ್ತು.

ಕೇಳಿಸಲಿಲ್ಲ. ಅವನು ಹೆಸರು ಹೇಳುತ್ತ ಹೋದ. ಅವನೂ ಲಿಯಾಂಡರನೂ ಆ ಬೇಸಗೆ ಯಂತ್ರ ಹಿಡಿದು ಹೋಗಿದ್ದು ಆರು ಕೊಲ್ಲಿಗಳಿಗೆ, ಅದು ಚೆನ್ನಾಗಿ ನೆನಪಿತ್ತು. ಆ ಆರನ್ನೇ ಹಿಂದೆಮುಂದೆ ಮಾಡಿ, ಪ್ರತಿಯೊಂದಕ್ಕೂ ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕೂತು, ಪಿಂಚ್‌ಗಟ್ ಎಂದ, ವಿಡೋಸ್ ಕೋವ್ ಎಂದ, ಟಿಂಕರ್ಸ್ ಹೋಲ್ ಎಂದ. ಏಳನೆಯ ಸುರುಳಿ ಎಲ್ಲಿಯದೋ ಅವನಿಗೆ ತಿಳಿಯದು, ಅದಕ್ಕೆ ಗೂಸ್ ಕೋವ್ ಎಂದುಬಿಟ್ಟ. ಊನಾ ಪುಸ್ತಕ ಮುಚ್ಚಿ ಅವನ ಕೈ ಹಿಡಿದುಕೊಂಡಳು. ಅವಳ ಕಣ್ಣಲ್ಲಿ ನೀರಿತ್ತು.

"ಇನ್ನು ನೂರು ವರ್ಷ ಆದ್ಮೇಲೆ ಯಾರು ಇದನ್ನ ಕೇಳಿದ್ರೂ ನಿಮ್ಮ ಮಾತೇ ಗತಿ ಮಾಮ," ಎಂದಳು.

ಆ ಮಧ್ಯಾಹ್ನ ಹೆಡ್ಲಿ ಶೆಡ್ಡಿನಲ್ಲಿ ಕೂತು ಯಾರಿಗೂ ಬೇಡದ ಬಲೆಯೊಂದನ್ನು ಹೆಣೆದ. ಸುಳ್ಳು ಹೇಳಿದ್ದು ಅದೇ ಮೊದಲೇನಲ್ಲ. ಮೀನಿನ ತೂಕದಲ್ಲಿ, ರಮ್ಮಿನ ಲೆಕ್ಕದಲ್ಲಿ, ಮದುವೆಗೆ ಮೊದಲು ಮೆಲೀಟಾಳ ಅಪ್ಪನ ಹತ್ತಿರ, ಬೇಕಾದಷ್ಟು ಹೇಳಿದ್ದ. ಮೊರೆತದ ವಿಷಯದಲ್ಲಿ ಮಾತ್ರ ಯಾರೂ ಸುಳ್ಳು ಹೇಳುತ್ತಿರಲಿಲ್ಲ. ಅಂದಾಜಿಗೆ ಹೆಸರು ಹೇಳಕೂಡದು ಎಂಬುದು ಆ ಕರಾವಳಿಯಲ್ಲಿ ಯಾರೂ ಕಲಿಸದೆ ಎಲ್ಲರೂ ಕಲಿತಿದ್ದ ಮಾತು. ಒಮ್ಮೆ ನಾಲ್ಕು ಜನ ದೋಣಿಯಲ್ಲಿದ್ದಾಗ ಮಂಜು ಕವಿದು, ಎಲ್ಲರೂ ಅವನ ಮುಖ ನೋಡಿದಾಗ, ಗೊತ್ತಾಗುತ್ತಿಲ್ಲ ಎಂದಿದ್ದ. ಲಂಗರು ಹಾಕಿ ಆರು ಗಂಟೆ ಕಾಲ ಅಲ್ಲೇ ತೂಗಾಡಿದರು, ಇದ್ದೊಂದು ಒಣ ಬಿಸ್ಕತ್ತನ್ನು ನಾಲ್ಕು ಪಾಲು ಮಾಡಿ ತಿಂದರು. ಯಾರೂ ನಗಲಿಲ್ಲ, ಆಮೇಲೂ ಯಾರೂ ಅದನ್ನು ಎತ್ತಿ ಆಡಲಿಲ್ಲ. ಮುರಿದ ಅಲೆಗಳ ನಡುವೆ, ಪ್ರಾಣಕ್ಕೆ ಬಂದಿದ್ದಾಗ ಆಡಲು ಆದ ಮಾತು ಬೆಚ್ಚಗಿನ ಅಡುಗೆಮನೆಯಲ್ಲಿ ಯಾಕೆ ಬಾಯಿಗೆ ಬರಲಿಲ್ಲ? ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು. ಲಿಯಾಂಡರ್ ಎಲ್ಲಿಂದಲೋ ನೋಡುತ್ತಿದ್ದರೆ ಬೈಯುವವನಲ್ಲ, ಮುಖ ಆಚೆ ತಿರುಗಿಸಿಕೊಳ್ಳುವವನು.

ಮರುದಿನ ಬೆಳಿಗ್ಗೆ ಚಹಾ ಕೂಡ ಮುಗಿಸದೆ ಹೊರಟ. ಎಲ್ಲಿಗೆ ಎಂದು ಮೆಲೀಟಾ ಕೇಳಿದ್ದು ಕೇಳಿಸಿತು, ಆದರೆ ಕೇಳಿಸದವನ ಹಾಗೆ ಹೋದ. ಕಿವುಡಿನಿಂದ ಆಗುವ ಉಪಕಾರ ಅದೊಂದು.

ಊನಾ ಹಡಗುಕಟ್ಟೆಯ ತುದಿಯಲ್ಲಿದ್ದಳು. ಕೋಲಿನ ತುದಿಗೆ ಕಟ್ಟಿದ ತುಪ್ಪಳದ ಮೈಕನ್ನು ಕಟ್ಟೆಯ ಕಂಬಗಳ ನಡುವೆ ನೀರಿನ ಮೇಲಕ್ಕೆ ಇಳಿಬಿಟ್ಟು, ಹೆಡ್‌ಫೋನ್ ಹಾಕಿಕೊಂಡು, ತಲೆ ಬಗ್ಗಿಸಿ ನಿಂತಿದ್ದಳು. ಊರಿನವರು ಅದಕ್ಕಾಗಲೇ ಸತ್ತ ಬೆಕ್ಕು ಎಂದು ಹೆಸರಿಟ್ಟಿದ್ದರು, ಸತ್ತ ಬೆಕ್ಕು ಹೊರಗೆ ಬಂದಿದ್ದರೆ ಯಾರೂ ಮಾತಾಡಬಾರದು ಎಂಬುದನ್ನೂ ನಾಲ್ಕೇ ದಿನದಲ್ಲಿ ಕಲಿತಿದ್ದರು. ಹೆಡ್ಲಿ ಬಾಯಿ ತೆರೆದ. ಅವಳು ತಿರುಗಿ ನೋಡದೆ ಒಂದು ಬೆರಳು ಎತ್ತಿದಳು. ಅವನು ಬಾಯಿ ಮುಚ್ಚಿದ.

ಬೆರಳು ಇಳಿಯಲು ಐದು ನಿಮಿಷ ಹಿಡಿಯಿತು. ಹೆಡ್ಲಿ ಕಾಲು ಸರಿಸಲೂ ಹೆದರಿ, ಟೋಪಿಯನ್ನು ಕೈಯಲ್ಲಿ ಹಿಡಿದು ನಿಂತ. ತಪ್ಪೊಪ್ಪಿಕೊಳ್ಳಲು ಬಂದವನನ್ನು ಹೀಗೆ ಕಾಯಿಸಬಾರದು, ಇದ್ದ ಧೈರ್ಯವೆಲ್ಲ ಸೋರಿಹೋಗುತ್ತದೆ. ಮೂರನೆಯ ನಿಮಿಷಕ್ಕೆ ಅವನಿಗೆ ಮನೆಗೆ ವಾಪಸು ಹೋಗಿಬಿಡೋಣ ಎನ್ನಿಸಿತು. ಆದರೆ ನಡೆದರೆ ಹಲಗೆ ಸದ್ದು ಮಾಡುತ್ತದೆ, ಅವಳ ಕೆಲಸ ಕೆಡುತ್ತದೆ ಎಂದು ನಿಂತೇ ಇದ್ದ. ಕೊನೆಗೆ ಊನಾ ಮೈಕನ್ನು ಬಾಯಿಯ ಹತ್ತಿರ ತಂದು ದಿನ, ಗಂಟೆ, ಕಟ್ಟೆಯ ಹೆಸರು ಹೇಳಿ ಯಂತ್ರ ನಿಲ್ಲಿಸಿದಳು.

"ನಿನ್ನೆ ಹೇಳಿದ ಏಳಕ್ಕೆ ಏಳೂ ಸುಳ್ಳು ಕಣಮ್ಮ," ಎಂದ ಹೆಡ್ಲಿ. "ನಂಗೇನೂ ಕೇಳಿಸ್ಲಿಲ್ಲ. ಕಿವಿ ಹೋಗಿ ಬಹಳ ವರ್ಷ ಆಯ್ತು. ಹೊಡೆದುಹಾಕು ಅದನ್ನ."

ಊನಾ ಹೆಡ್‌ಫೋನನ್ನು ಕುತ್ತಿಗೆಗೆ ಇಳಿಸಿದಳು. ಅವಳ ಮುಖ ಸಪ್ಪಗಾದದ್ದು ಅವನಿಗೆ ಕಂಡಿತು. ಕೋಪ ಬಂದಿದ್ದರೆ ವಾಸಿಯಾಗಿತ್ತು. ಏನೂ ಅಂದರೆ ಏನೂ ಕೇಳಿಸಲಿಲ್ಲವೇ ಎಂದು ಕೇಳಿದಳು. ಮಾತಾಡುವುದು ಕೇಳಿಸುತ್ತದಲ್ಲ, ಈಗ ಈ ನೀರು ಕಂಬಕ್ಕೆ ಬಡಿಯುವುದು? ಅದು ಕೇಳಿಸುವುದಿಲ್ಲ ಎಂದ ಹೆಡ್ಲಿ, ಆದರೆ ಅಂಗಾಲಿಗೆ ಗೊತ್ತಾಗುತ್ತದೆ. ಸುರುಳಿಯಲ್ಲಿ ಕಾಗದದಂಥ ಒಂದು ಸದ್ದಿತ್ತು ಅಷ್ಟೇ.

"ಮತ್ತೆ ಮೊರೆತ?"

"ಮೊರೆತ ಇದ್ದಿದ್ರೆ ತಾನೆ ಕೇಳೋದು. ಅದು ಮೊದ್ಲು ಕಿವಿಗೆ ಬರಲ್ಲಮ್ಮ. ದೋಣಿ ತಳದ ಹಲಗೆಗೆ ಬರುತ್ತೆ, ಅಲ್ಲಿಂದ ಕಾಲಿನ ಮೂಳೆಗೆ. ನಾನೂ ನಿಮ್ಮಪ್ಪನೂ ಹುಟ್ಟನ್ನ ನೀರಿಗೆ ಇಳಿಸಿ ಅದರ ಹಿಡೀನ ಹಲ್ಲಲ್ಲಿ ಕಚ್ಚಿ ಹಿಡೀತಿದ್ವಿ. ದವಡೇಲಿ ಗುಂಯ್ ಅನ್ನೋದು. ಕಿವಿ ಆಮೇಲೆ."

ಊನಾ ಅಲ್ಲೇ ಹಗ್ಗದ ಸುತ್ತಿನ ಮೇಲೆ ಕುಸಿದು ಕೂತಳು. ಕೈಯಲ್ಲಿದ್ದ ಸತ್ತ ಬೆಕ್ಕು ತೊಡೆಯ ಮೇಲೆ ಅಡ್ಡ ಬಿತ್ತು.

"ಅಯ್ಯೋ ಮಾಮ, ನಾನು ಅದನ್ನೇ ತೆಗೆದುಹಾಕಿದೀನಿ," ಎಂದಳು.

ಅವಳು ಬಿಡಿಸಿ ಹೇಳಿದ್ದು ಇಷ್ಟು. ಅವರ ಕಸುಬಿನಲ್ಲಿ ತಳದ ಆ ಗುಂಯ್‌ಗುಡುವಿಕೆಯನ್ನು ಕಸವೆಂದೇ ಲೆಕ್ಕ. ಮೈಕಿಗೆ ಗಾಳಿ ಬಡಿಯುವುದು, ದೂರದಲ್ಲಿ ಲಾರಿ ಹೋಗುವುದು, ಎಂಜಿನ್ನಿನ ನಡುಕ, ಎಲ್ಲವೂ ಆ ತಳದಲ್ಲಿ ಕೂತಿರುತ್ತವೆ. ಕಲಿಯುವ ಮೊದಲ ವರ್ಷವೇ ಅದನ್ನು ಕತ್ತರಿಸಿ ಎಸೆಯುವುದನ್ನು ಕಲಿಸುತ್ತಾರೆ, ಆಮೇಲೆ ಕೈ ತಾನಾಗಿ ಮಾಡುತ್ತದೆ. ಅಪ್ಪನ ಸುರುಳಿಗಳನ್ನು ಅವಳು ಒಂದು ಚಳಿಗಾಲ ಪೂರ್ತಿ ಕೂತು ತೊಳೆದಿದ್ದಳು. ಕಲ್ಮಶವೆಲ್ಲ ಹೋಗಿ ನೊರೆಯ ಸದ್ದು ಗಾಜಿನಷ್ಟು ತಿಳಿಯಾಗಿತ್ತು. ಅದನ್ನು ಕೇಳಿ ಜೊತೆಯವರು ಮೆಚ್ಚಿದ್ದರು, ಅವಳೂ ಹೆಮ್ಮೆಪಟ್ಟಿದ್ದಳು. ಹೆಡ್ಲಿಗೆ ಇದರಲ್ಲಿ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಸಾರು ಸೋಸಿ ರಸ ಚೆಲ್ಲಿ ಗಸಿ ಇಟ್ಟುಕೊಂಡ ಹಾಗಾಯಿತಲ್ಲ ಎಂದ. ಊನಾಗೆ ಅಳುವಿನ ನಡುವೆ ನಗು ಬಂತು. ತೊಳೆಯದ ಪ್ರತಿಗಳೂ ಇವೆ, ಅವು ಎಲ್ಲೂ ಹೋಗಿಲ್ಲ ಎಂದು ಕಣ್ಣೊರೆಸಿಕೊಂಡು ಎದ್ದಳು.

ಆದರೆ ಅವುಗಳ ತಳದ ಗುಂಯ್ ಹೆಡ್‌ಫೋನಿಗೆ ಬಗ್ಗುವಂಥದ್ದಲ್ಲ. ಚರ್ಚಿನ ಸಭಾಂಗಣದಲ್ಲಿ ಕುಣಿತದ ದಿನ ಇಡುವ ದೊಡ್ಡ ಸ್ಪೀಕರ್ ಇತ್ತು. ಅದನ್ನು ಕೈಗಾಡಿಯಲ್ಲಿ ಹಾಕಿ ಇಬ್ಬರೂ ದಬ್ಬಿಕೊಂಡು ಬಂದರು. ದಾರಿಯಲ್ಲಿ ಸಿಕ್ಕವರು ಇವತ್ತು ಯಾರ ಮದುವೆ ಎಂದು ಕೇಳಿದರು. ಅಡುಗೆಮನೆಯ ಮೇಜಿನ ಮೇಲೆ ಅದನ್ನು ಕವುಚಿ ಮಲಗಿಸಿದಾಗ ಮೆಲೀಟಾ ಸೊಂಟದ ಮೇಲೆ ಕೈ ಇಟ್ಟು ನೋಡಿದಳು. ತನ್ನ ಮೇಜು ತನಗೆ ಯಾವಾಗ ಸಿಗುತ್ತದೆ ಎಂದಷ್ಟೇ ಕೇಳಿ, ಒಲೆಯ ಪಕ್ಕದ ಸಣ್ಣ ಕಟ್ಟೆಯ ಮೇಲೆ ಹಿಟ್ಟು ನಾದಲು ನಿಂತಳು. ಆರು ಪೀಪಾಯಿಗಳ ಮೇಲೆ ತೇಲಿ ಬಂದ ಮನೆ ಅದು, ನೆಲ ಇವತ್ತಿಗೂ ಒಂದು ಕಡೆ ವಾಲಿದೆ.

ಹೆಡ್ಲಿ ಮೊಣಕೈಗಳನ್ನು ಮೇಜಿನ ಮೇಲೆ ಊರಿ, ಮುಷ್ಟಿಗಳ ಮೇಲೆ ದವಡೆ ಇಟ್ಟ. ಊನಾ ಗುಂಡಿ ಒತ್ತಿದಳು.

ಮೊದಲು ಮೇಜಿನ ಹಲಗೆ ನಡುಗಿತು, ಸಕ್ಕರೆ ಡಬ್ಬಿಯಲ್ಲಿ ಚಮಚ ಅಲುಗಿತು. ಆಮೇಲೆ ಮೂಳೆಯೊಳಗೆ ಅದು ಬಂತು. ಎರಡು ಭಾರದ ಪೆಟ್ಟು, ಒಂದು ಹಗುರ, ಅದರ ಹಿಂದೆ ನೀರು ಬಂಡೆಯ ಕೆಳಗೆ ಸಿಕ್ಕಿಕೊಂಡು ಗಂಟಲಲ್ಲಿ ನುಂಗುವಂಥ ಸದ್ದು. ನಲವತ್ತೊಂದು ವರ್ಷ ಅವನು ಅದನ್ನು ಕೇಳಿರಲಿಲ್ಲ. ಅವನಿಗೆ ಕಣ್ಣು ತುಂಬಿ ಬಂತು. ಹೆಸರು ಹುಡುಕಬೇಕಾಗಿಯೇ ಬರಲಿಲ್ಲ.

"ಪಿಂಚ್‌ಗಟ್," ಎಂದ. "ಪಶ್ಚಿಮದ ಬಂಡೆ ಎಡಗಡೆ ಇದೆ. ಗಾಳಿ ಆಗತಾನೆ ತಿರುಗಿದೆ."

ಎರಡನೆಯದು ಟಿಂಕರ್ಸ್ ಹೋಲ್, ಗವಿಯೊಳಗೆ ಅಲೆ ಹೋಗಿ ಕದ ಹಾಕಿದ ಹಾಗೆ ಒದೆಯುತ್ತದೆ. ಮೂರನೆಯದು ಲಾಂಗ್ ಬೀಚ್, ಅಲ್ಲಿ ಉರುಟು ಕಲ್ಲುಗಳು ಅಲೆಯ ಜೊತೆ ಕೆಳಗಿಳಿದು ಹೋಗುತ್ತವೆ. ನಡುವೆ ಎಲ್ಲೋ ಸುರುಳಿಯೊಳಗಿಂದ ಲಿಯಾಂಡರ್ ಕೆಮ್ಮಿದ. ಊನಾ ತಲೆ ಎತ್ತಿದಳು, ಹೆಡ್ಲಿ ಕಣ್ಣು ಮುಚ್ಚಿಯೇ ಅವಳ ಕಡೆ ಕೈ ಚಾಚಿದ. ಒಂದೊಂದಾಗಿ ಆರೂ ಮುಗಿದವು. ಊನಾ ನಿನ್ನೆಯ ಹೆಸರುಗಳನ್ನು ಗೀಟು ಹಾಕಿ ಹೊಡೆದು, ಪಕ್ಕದಲ್ಲಿ ಹೊಸದಾಗಿ ಬರೆದಳು. ಹೇಳಿದ್ದರಲ್ಲಿ ಒಂದೇ ಒಂದು ಸರಿಯಾಗಿತ್ತು, ಅದೂ ಅವನ ಅದೃಷ್ಟ.

ಏಳನೆಯ ಸುರುಳಿ ಶುರುವಾದಾಗ ಹೆಡ್ಲಿ ನಗುತ್ತಿದ್ದ. ಮೂವತ್ತು ವರ್ಷ ಚಿಕ್ಕವನಾದ ಹಾಗಿದ್ದ. ಮೇಜು ನಡುಗಿತು. ಮೂರು ಸಲ ತಗ್ಗಿನಲ್ಲಿ ಗುಡುಗಿದ ಹಾಗೆ, ಆಮೇಲೆ ಏನೂ ಇಲ್ಲ, ಬಹಳ ಹೊತ್ತು ಏನೂ ಇಲ್ಲ, ಆಮೇಲೆ ಯಾವುದೋ ಗೋಡೆಯ ಆಚೆಯಿಂದ ಒಂದು ದೀರ್ಘ ಎಳೆತ. ಅವನ ನಗು ನಿಂತಿತು. ದವಡೆಯನ್ನು ಇನ್ನೂ ಒತ್ತಿ ಹಿಡಿದ. ಅವನಿಗೆ ತಿಳಿದ ಕರಾವಳಿಯನ್ನೆಲ್ಲ ಮನಸ್ಸಿನಲ್ಲೇ ಒಂದು ಸುತ್ತು ದೋಣಿಯಲ್ಲಿ ಹೋಗಿ ಬಂದ. ಎಲ್ಲೂ ಇದು ಇರಲಿಲ್ಲ. ಇನ್ನೊಂದು ಸಲ ಹಾಕು ಎಂದ, ಹಾಕಿದಳು. ಗೂಸ್ ಕೋವ್ ಎಂಬ ಹೆಸರು ಪುಸ್ತಕದಲ್ಲಿ ಇನ್ನೂ ಹಾಗೆಯೇ ಇತ್ತು, ಅವನು ಹೂಂ ಎಂದಿದ್ದರೆ ಸಾಕಿತ್ತು. ಗೂಸ್ ಕೋವಿನಲ್ಲಿ ಈಗ ಯಾರೂ ಇಲ್ಲ, ಹೋಗಿ ನೋಡುವವರೂ ಇಲ್ಲ.

"ಗೊತ್ತಿಲ್ಲ," ಎಂದ ಹೆಡ್ಲಿ. "ಇದು ನಂಗೆ ಗೊತ್ತಿಲ್ಲಮ್ಮ. ಹಾಗೇ ಬರ್ಕೋ."

ಊನಾ ಬರೆಯಲಿಲ್ಲ. ಪೆನ್ನು ಹಿಡಿದುಕೊಂಡು ಅವನ ಹಿಂದೆ ನೋಡುತ್ತಿದ್ದಳು. ಹೆಡ್ಲಿ ತಿರುಗಿದ. ಮೆಲೀಟಾ ಒಲೆಗೆ ಬ್ರೆಡ್ಡು ಇಟ್ಟು ಬಾಗಿಲು ಮುಚ್ಚಿದ್ದವಳು ಅಲ್ಲೇ ನಿಂತುಬಿಟ್ಟಿದ್ದಳು. ಕೈಯ ಹಿಟ್ಟನ್ನೂ ಒರೆಸಿಕೊಂಡಿರಲಿಲ್ಲ.

"ಅದು ಮನೆ," ಎಂದಳು.

ಯಾವ ಮನೆ ಎಂದು ಹೆಡ್ಲಿ ಕೇಳಿದ.

"ನಮ್ದೇ. ಗ್ರೇ ಹಾರ್ಬರು, ಹಿಂದಿನ ಕಿಟಕಿ. ಲಿಯಾಂಡರನ ಮನೆ ಕಿಟಕಿ ಇರ್ಬೇಕು, ನಮಗಿಂತ ಒಂಚೂರು ಮೇಲೆ. ಬಂದರಿನ ಬಾಗಿಲಲ್ಲಿರೋ ಬಂಡೆ ಮೇಲೆ ಅಲೆ ಮುರಿಯೋದು."

ಅಲ್ಲ ಎಂದ ಹೆಡ್ಲಿ. ಊರ ಬಾಗಿಲ ಬಂಡೆ ತನಗೆ ತಿಳಿಯದೆ ಇರುತ್ತದೆಯೇ, ಸಾವಿರ ಸಲ ಅದರ ಪಕ್ಕದಲ್ಲಿ ಒಳಗೆ ಬಂದಿದ್ದೇನೆ, ಅದು ಹೀಗಿಲ್ಲ ಎಂದ.

"ನೀನು ಯಾವಾಗಲೂ ಅದರ ಆಚೆ ಕಡೆ ಇರ್ತಿದ್ದೆ," ಎಂದಳು ಮೆಲೀಟಾ. "ಮನೇಲಿದ್ದಾಗ ಗೊರಕೆ. ಈಚೆ ಕಡೆಯಿಂದ ಅದು ಹಿಂಗೇ ಕೇಳೋದು. ಮೂರು ಸಲ ಹೊಡೆದು ನಿಲ್ತಿದೆ ನೋಡು, ತೆಂಕಣ ಗಾಳಿ, ಮಂಜು ಇದೆ. ನೀವಿನ್ನೂ ಬಂದಿಲ್ಲ."

ಎಷ್ಟು ವರ್ಷ, ಎಷ್ಟು ಬೆಳಿಗ್ಗೆ ಅವಳು ಆ ಕಿಟಕಿಯಲ್ಲಿ ನಿಂತು ಹೀಗೆ ಕೇಳಿಸಿಕೊಂಡಿದ್ದಳೋ ಹೆಡ್ಲಿ ಒಮ್ಮೆಯೂ ಕೇಳಿರಲಿಲ್ಲ. ಮೊರೆತ ಕೇಳುವುದು ದೋಣಿಯಲ್ಲಿ ಕೂತವರ ಕೆಲಸ ಎಂದೇ ತಿಳಿದಿದ್ದ. ಊರಿನ ಗಂಡಸರೆಲ್ಲ ಹಾಗೇ ತಿಳಿದಿದ್ದರು. ಲಿಯಾಂಡರನಿಗೆ ಮಾತ್ರ ಅದು ಹೇಗೋ ಗೊತ್ತಾಗಿತ್ತು. ಅವನು ಒಂದು ದಿನ ಸಮುದ್ರಕ್ಕೆ ಹೋಗದೆ, ಹೆಂಡತಿಯ ಪಕ್ಕದಲ್ಲಿ ಆ ಕಿಟಕಿಗೆ ಯಂತ್ರ ಒಡ್ಡಿ ನಿಂತಿದ್ದಿರಬೇಕು. ಅವತ್ತು ಹೊಟ್ಟೆನೋವು ಎಂದು ಹೇಳಿಕಳಿಸಿದ್ದು, ತಾನು ಒಬ್ಬನೇ ದೋಣಿ ತೆಗೆದುಕೊಂಡು ಹೋಗಿದ್ದು ಹೆಡ್ಲಿಗೆ ಈಗ ನೆನಪಾಯಿತು. ಹಾಗಾದರೆ ಈ ಸುರುಳಿಯ ಆಚೆ ಬದಿಯಲ್ಲಿ, ಮಂಜಿನೊಳಗೆ, ಇನ್ನೂ ಬಾರದೆ ಇರುವವನು ತಾನೇ.

ಊನಾ ಪುಸ್ತಕದಲ್ಲಿ ಗೂಸ್ ಕೋವ್ ಎಂಬುದನ್ನು ಹೊಡೆದುಹಾಕಿದಳು. ಗುರುತಿಸಿದವರು ಎಂಬ ಕಡೆ ಏನು ಬರೆಯಲಿ ಎಂದು ಮೆಲ್ಲಗೆ ಕೇಳಿದಳು. ಇನ್ನೊಂದು ಸಲ ಹಾಕಮ್ಮ ಎಂದಳು ಮೆಲೀಟಾ. ಹೆಡ್ಲಿ ಎದ್ದು ತಾನು ಕೂತಿದ್ದ ಕುರ್ಚಿಯನ್ನು ಅವಳ ಮೊಣಕಾಲಿನ ಹಿಂದಕ್ಕೆ ದಬ್ಬಿದ. ಅವಳು ನೋಡದೆ ಕೂತಳು, ಹಿಟ್ಟಿನ ಕೈಗಳನ್ನು ಮೇಜಿನ ಮೇಲೆ ಚಾಚಿದಳು.

ಸುರುಳಿ ಅರ್ಧಕ್ಕೆ ಬರುವಷ್ಟರಲ್ಲಿ ಬ್ರೆಡ್ಡು ಸೀಯುವ ವಾಸನೆ ಬಂತು. ಮೆಲೀಟಾ ಅಲುಗಲಿಲ್ಲ. ಹೆಡ್ಲಿ ಬಿಸಿ ಹಿಡಿಯುವ ಬಟ್ಟೆ ಎಲ್ಲಿಡುತ್ತಾಳೆಂದು ತಿಳಿಯದೆ ಎರಡು ಡ್ರಾಯರು ತೆರೆದು ನೋಡಿ, ಕೊನೆಗೆ ತನ್ನ ಟೋಪಿಯನ್ನೇ ಕೈಗೆ ಸುತ್ತಿಕೊಂಡು ಒಲೆಯ ಬಾಗಿಲು ತೆರೆದ. ನಾಲ್ಕು ಬ್ರೆಡ್ಡುಗಳಿದ್ದವು, ಎಲ್ಲದರ ನೆತ್ತಿಯೂ ಕಪ್ಪಾಗಿತ್ತು. ಒಂದೊಂದನ್ನೇ ಹೊರಗೆ ತೆಗೆದು, ತಗಡು ಒಂದಕ್ಕೊಂದು ತಾಗಿ ಸದ್ದಾಗದ ಹಾಗೆ, ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಇಟ್ಟ.